ಸಾಸಿವೆಯಷ್ಟು ಬಿಲ್ಲೆ, ಮೂವತ್ತು ದಿನಗಳ ಗಡುವು: ಹಸುಗೂಸಿನ ದೃಷ್ಟಿನರವನ್ನು ಚಿತ್ರಿಸುವುದೇಕೆ?

ಗಡಿಯ ಕನ್ನಡ ಶಾಲೆಯೊಂದರಲ್ಲಿ ಒಂದನೆಯ ತರಗತಿಯ ದಾಖಲಾತಿ ನಡೆಯುತ್ತಿದ್ದ ದಿನ. ಜನನ ಪ್ರಮಾಣಪತ್ರಕ್ಕಾಗಿ ಕೈಚೀಲವನ್ನು ತಡಕಾಡುತ್ತಿದ್ದ ತಾಯಿಯೊಬ್ಬರು ಮಡಿಕೆಗಳಲ್ಲಿ ಹರಿಯತೊಡಗಿದ್ದ ಆಸ್ಪತ್ರೆಯ ಚೀಟಿಯೊಂದನ್ನು ನಮ್ಮ ಮುಂದಿಟ್ಟರು. ಮಗು ಏಳು ತಿಂಗಳಿಗೇ ಹುಟ್ಟಿ, ಹಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಉಳಿದು ಮನೆಗೆ ಬಂದಿತ್ತು. ಚೀಟಿಯ ಕೊನೆಯ ಸಾಲಿನಲ್ಲಿ ‘ಆರ್‌ಒಪಿ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳೂ, ನಾಲ್ಕು ವಾರ ಎಂಬ ಸೂಚನೆಯೂ ಇದ್ದವು. ಅದರ ಅರ್ಥವನ್ನು ಆ ತಾಯಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಆ ಮಗುವಿನ ಒಂದು ಕಣ್ಣು ಬೆಳಕು ಕತ್ತಲೆಗಳನ್ನಷ್ಟೇ ಗುರುತಿಸುತ್ತಿತ್ತು. ಇನ್ನೊಂದು ಕಣ್ಣಿನಿಂದ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಬೇಕಾಗಿತ್ತು.

ಆ ಒಂದು ಸಾಲು ಕೇಳಿದ್ದುದು ಇಷ್ಟನ್ನೇ: ಮಗುವಿಗೆ ಒಂದು ತಿಂಗಳು ತುಂಬುವುದರೊಳಗೆ ಅದರ ಕಣ್ಣಿನ ಹಿಂಭಾಗವನ್ನು, ಅಲ್ಲಿಯ ದೃಷ್ಟಿನರವನ್ನೂ ಅದರ ಸುತ್ತಲಿನ ರಕ್ತನಾಳಗಳನ್ನೂ ನೋಡಿಸಿರಿ ಎಂದು. ಈ ಪರೀಕ್ಷೆ ಏನು, ಅದರಲ್ಲಿ ಏನನ್ನು ಚಿತ್ರಿಸುತ್ತಾರೆ, ಅಷ್ಟು ಆತುರವೇಕೆ ಎಂಬುದನ್ನು ನಮ್ಮ ಶಾಲೆಗಳ ಪೋಷಕರಿಗೆ ಕನ್ನಡದಲ್ಲಿ ತಿಳಿಸುವುದು ಈ ಲೇಖನದ ಉದ್ದೇಶ. ಹಿರಿಯ ಮಗ ಏಳನೆಯ ತರಗತಿಯಲ್ಲಿರುವಾಗ ಮನೆಯಲ್ಲಿ ತೊಟ್ಟಿಲು ತೂಗುವುದುಂಟು. ಹಿರಿಯಕ್ಕನ ಮಗು ತವರಿನಲ್ಲಿ ಹುಟ್ಟುವುದುಂಟು. ಆದುದರಿಂದ ಇದು ಶಾಲೆಗೆ ಸಂಬಂಧಿಸದ ವಿಷಯವೆಂದು ನಾವು ಭಾವಿಸಿಲ್ಲ.

ದೃಷ್ಟಿನರ ಎಂದರೇನು?

ಹತ್ತನೆಯ ತರಗತಿಯ ಮಕ್ಕಳು ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುವಾಗ, ಗೋಲದ ಹಿಂಬದಿಯಲ್ಲಿ ಬಾಲದಂತೆ ಎರಡು ಗೆರೆ ಎಳೆದು ‘ದೃಷ್ಟಿನರ’ ಎಂದು ಬರೆಯುತ್ತಾರೆ. ನಿಜವಾದ ದೃಷ್ಟಿನರವು ಹತ್ತು ಲಕ್ಷಕ್ಕೂ ಮಿಕ್ಕಿದ ಸೂಕ್ಷ್ಮ ತಂತುಗಳ ಕಟ್ಟು. ಕಣ್ಣಿನ ಒಳಗೋಡೆಗೆ ಹೊದಿಸಿದಂತಿರುವ ಅಕ್ಷಿಪಟಲದ ಮೇಲೆ ಬೆಳಕು ಬಿದ್ದಾಗ ಹುಟ್ಟುವ ಸಂಕೇತಗಳು ಈ ತಂತುಗಳ ಮೂಲಕವೇ ಮಿದುಳನ್ನು ತಲುಪುತ್ತವೆ. ಕಣ್ಣು ಎಷ್ಟೇ ನಿರ್ಮಲವಾಗಿದ್ದರೂ ಈ ಕಟ್ಟು ಕೆಟ್ಟರೆ ನೋಟವಿಲ್ಲ.

ತಂತುಗಳೆಲ್ಲ ಒಂದೆಡೆ ಸೇರಿ ಕಣ್ಣಿನಿಂದ ಹೊರಬೀಳುವ ಸ್ಥಳವು ಒಳಗಿನಿಂದ ನೋಡಿದಾಗ ದುಂಡಗಿನ ಬಿಲ್ಲೆಯಂತೆ ಕಾಣುತ್ತದೆ. ದೊಡ್ಡವರಲ್ಲೂ ಇದರ ಅಡ್ಡಗಲ ಸುಮಾರು ಒಂದೂವರೆ ಮಿಲಿಮೀಟರು, ಎಂದರೆ ಒಂದು ಸಾಸಿವೆ ಕಾಳಿನಷ್ಟು. ಬಿಲ್ಲೆಯ ನಡುವೆ ಬಟ್ಟಲಿನಂತಹ ಸಣ್ಣ ತಗ್ಗು ಇರುತ್ತದೆ. ಅಕ್ಷಿಪಟಲಕ್ಕೆ ರಕ್ತ ಒಯ್ಯುವ ನಾಳಗಳು ಈ ಬಿಲ್ಲೆಯಿಂದಲೇ ಹೊರಟು, ಬೇರುಗಳಂತೆ ನಾಲ್ಕೂ ದಿಕ್ಕಿಗೆ ಹರಡುತ್ತವೆ.

ದೃಷ್ಟಿನರದ ವಿಶೇಷವೊಂದುಂಟು. ರಚನೆಯಲ್ಲಿ ಅದು ಮಿದುಳಿನದೇ ಮುಂಚಾಚು. ಮಿದುಳಿಗಿರುವ ಪೊರೆಗಳೇ ಅದನ್ನೂ ಸುತ್ತಿವೆ. ಚರ್ಮ ಕೊಯ್ಯದೆ, ತಲೆಬುರುಡೆ ತೆರೆಯದೆ, ಪಾಪೆಯೆಂಬ ಪುಟ್ಟ ಕಿಟಕಿಯ ಮೂಲಕ ಮಿದುಳಿನ ಒಂದು ತುದಿಯನ್ನು ನೇರವಾಗಿ ನೋಡಲು ಸಾಧ್ಯವಿರುವುದು ಇಲ್ಲಿ ಮಾತ್ರ. ಜರ್ಮನಿಯ ಹೆರ್ಮಾನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನೊಳಗನ್ನು ನೋಡುವ ಉಪಕರಣವನ್ನು ಪ್ರಕಟಿಸಿದ ಮೇಲೆ ವೈದ್ಯರಿಗೆ ಈ ಕಿಟಕಿ ತೆರೆಯಿತು. ಮಾತು ಬಾರದ, ಅಕ್ಷರ ಫಲಕ ಓದಲಾರದ ಹಸುಗೂಸಿನ ವಿಷಯದಲ್ಲಿ ಈ ಕಿಟಕಿಗೆ ಇನ್ನೂ ಹೆಚ್ಚಿನ ಬೆಲೆ.

ಹಸುಗೂಸಿನ ಕಣ್ಣು ದೊಡ್ಡವರ ಕಣ್ಣಿನ ಕಿರುರೂಪವಲ್ಲ

ದಿನ ತುಂಬಿ ಹುಟ್ಟಿದ ಮಗುವಿನ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರು ಉದ್ದವಿರುತ್ತದೆ. ವಯಸ್ಕರಲ್ಲಿ ಅದು ಸುಮಾರು 24 ಮಿಲಿಮೀಟರು. ದೃಷ್ಟಿನರದ ಬಿಲ್ಲೆಯಾದರೋ ಹುಟ್ಟುವಾಗಲೇ ತನ್ನ ಪೂರ್ಣ ಗಾತ್ರದ ಮುಕ್ಕಾಲು ಭಾಗದಷ್ಟು ಬೆಳೆದಿರುತ್ತದೆ. ಆದರೆ ನರದ ಒಳಗಿನ ಕೆಲಸ ಇನ್ನೂ ಮುಗಿದಿರುವುದಿಲ್ಲ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೇಕು. ಈ ಹೊದಿಕೆಯು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಿದುಳಿನ ಕಡೆಯಿಂದ ಆರಂಭವಾಗಿ, ಹುಟ್ಟುವ ಸುಮಾರಿಗೆ ಕಣ್ಣಿನ ಸಮೀಪಕ್ಕೆ ಬಂದು, ಹುಟ್ಟಿದ ಬಳಿಕವೂ ದಪ್ಪವಾಗುತ್ತ ಹೋಗುತ್ತದೆ.

ರಕ್ತನಾಳಗಳ ಕಥೆಯೂ ಹೀಗೆಯೇ. ಗರ್ಭದ ಸುಮಾರು 16ನೆಯ ವಾರದಲ್ಲಿ ಅವು ದೃಷ್ಟಿನರದ ಬಿಲ್ಲೆಯಿಂದ ಹೊರಟು ಅಕ್ಷಿಪಟಲದ ಅಂಚಿನ ಕಡೆಗೆ ಚಿಗುರತೊಡಗುತ್ತವೆ. ಮೂಗಿನ ಕಡೆಯ ಅಂಚನ್ನು ಸುಮಾರು 36ನೆಯ ವಾರಕ್ಕೂ, ಕಿವಿಯ ಕಡೆಯ ಅಂಚನ್ನು 40ನೆಯ ವಾರದ ಹೊತ್ತಿಗೂ ಮುಟ್ಟುತ್ತವೆ. ಮಗು 28 ಅಥವಾ 30ನೆಯ ವಾರದಲ್ಲೇ ಹುಟ್ಟಿದರೆ ಈ ಪಯಣ ಅರ್ಧದಲ್ಲಿ ನಿಂತಿರುತ್ತದೆ.

ಆದುದರಿಂದ ಹಸುಗೂಸಿನ ದೃಷ್ಟಿನರವನ್ನು ದೊಡ್ಡವರ ಅಳತೆಗೋಲಿನಿಂದ ನೋಡಿದರೆ ತಪ್ಪಾಗುತ್ತದೆ. ಆರೋಗ್ಯವಂತ ಕೂಸಿನ ಬಿಲ್ಲೆಯೂ ಕೆಲವೊಮ್ಮೆ ತುಸು ಬಿಳಿಚಿಕೊಂಡು ಬೂದುಬಣ್ಣದಲ್ಲಿ ಕಾಣುವುದುಂಟು. ದೊಡ್ಡವರಲ್ಲಿ ಅದೇ ಬಣ್ಣವನ್ನು ನರ ಒಣಗಿದುದರ ಗುರುತೆಂದು ತಿಳಿಯುತ್ತಾರೆ. ಸಹಜ ಹೆರಿಗೆಯ ಒತ್ತಡದಿಂದ ಅನೇಕ ಶಿಶುಗಳ ಅಕ್ಷಿಪಟಲದಲ್ಲಿ ರಕ್ತದ ಸಣ್ಣ ಚುಕ್ಕೆಗಳು ಕಂಡು, ಕೆಲವು ವಾರಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಹೀಗಾಗಿ ಈ ಚಿತ್ರವನ್ನು ಓದಬೇಕಾದವರು ಶಿಶುಗಳ ಕಣ್ಣನ್ನು ನೋಡಿ ಪಳಗಿದ ವೈದ್ಯರು.

ಚಿತ್ರ ತೆಗೆಯುವ ವಿಧಾನಗಳು

ಮೊದಲನೆಯದು ವೈದ್ಯರ ಕಣ್ಣಿನ ಪರೀಕ್ಷೆ. ಹಣೆಗೆ ದೀಪವಿರುವ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ಅವರು ಮಗುವಿನ ಕಣ್ಣಿನೊಳಗನ್ನು ನೋಡುತ್ತಾರೆ. ಇಂದಿಗೂ ಇದು ಭರವಸೆಯ ವಿಧಾನ. ಕೊರತೆ ಒಂದೇ: ಕಂಡ ನೋಟವು ನೋಡಿದವರ ಮನಸ್ಸಿನಲ್ಲೂ ಅವರು ಬರೆದ ರೇಖಾಚಿತ್ರದಲ್ಲೂ ಉಳಿಯುತ್ತದೆಯೇ ಹೊರತು ಇನ್ನೊಬ್ಬ ವೈದ್ಯರಿಗೆ ಹಾಗೆಯೇ ತೋರಿಸಲು ಬರುವುದಿಲ್ಲ.

ಎರಡನೆಯದು ಶಿಶುಗಳಿಗೆಂದೇ ರೂಪಿಸಿದ ವಿಶಾಲ ಕೋನದ ಡಿಜಿಟಲ್ ಕ್ಯಾಮೆರಾ. ಪಾಪೆ ಹಿಗ್ಗಲು ಹನಿ ಹಾಕಿ, ನೋವು ತಿಳಿಯದಂತೆ ಮರಗಟ್ಟಿಸುವ ಹನಿಯನ್ನೂ ಹಾಕಿ, ರೆಪ್ಪೆಗಳನ್ನು ಸಣ್ಣ ತಂತಿಯಿಂದ ಬಿಡಿಸಿ, ಲೋಳೆಯಂತಹ ಜೆಲ್ ಹಚ್ಚಿದ ಮಸೂರವನ್ನು ಕಣ್ಣಿನ ಮೇಲೆ ಮೃದುವಾಗಿ ಇಡುತ್ತಾರೆ. ಒಂದೇ ಚಿತ್ರದಲ್ಲಿ ಸುಮಾರು 130 ಡಿಗ್ರಿಯಷ್ಟು ಹರವು, ಬಿಲ್ಲೆಯೂ ನಾಳಗಳೂ ಬಣ್ಣದಲ್ಲಿ ಮೂಡುತ್ತವೆ. ತಂತಿಯನ್ನು ಕಂಡು ಹೆತ್ತವರ ಎದೆ ನಡುಗುವುದು ಸಹಜ. ಕೂಸು ಅಳುತ್ತದೆ ಕೂಡ. ಆದರೆ ಇದು ಕೆಲವೇ ನಿಮಿಷಗಳ ಕೆಲಸ. ಕ್ಷಕಿರಣವಿಲ್ಲ, ಸೂಜಿಯಿಲ್ಲ, ಗಾಯವಿಲ್ಲ. ವಾಂತಿಯಾಗದಿರಲೆಂದು ಪರೀಕ್ಷೆಗೆ ತುಸು ಮೊದಲು ಹಾಲು ಕೊಡಬೇಡಿರೆಂದು ಹೇಳುತ್ತಾರೆ. ಎಷ್ಟು ಹೊತ್ತು ಎಂಬುದನ್ನು ದಾದಿಯರಲ್ಲೇ ಕೇಳಿಕೊಳ್ಳಬೇಕು.

ಮೂರನೆಯದು ‘ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ’, ಸಂಕ್ಷೇಪವಾಗಿ ಓಸಿಟಿ. ಇದನ್ನು ಅಮೆರಿಕದ ಸಂಶೋಧಕರು 1991ರಲ್ಲಿ ಪ್ರಕಟಿಸಿದರು. ಆಳವಾದ ಬಾವಿಯ ಬಳಿ ನಿಂತು ಕೂಗಿದಾಗ ಮರುದನಿ ಬರಲು ಹಿಡಿಯುವ ಹೊತ್ತಿನಿಂದ ನೀರೆಷ್ಟು ಆಳದಲ್ಲಿದೆಯೆಂದು ಅಂದಾಜಿಸಬಹುದಲ್ಲವೆ? ಇಲ್ಲಿ ದನಿಯ ಬದಲು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಬೆಳಕಿನ ಮರುದನಿಯನ್ನು ಗಡಿಯಾರದಿಂದ ಅಳೆಯಲಾಗದ ಕಾರಣ, ಕಣ್ಣಿನಿಂದ ಮರಳಿದ ಬೆಳಕನ್ನು ಉಪಕರಣದೊಳಗಿನ ಇನ್ನೊಂದು ಕಿರಣದೊಡನೆ ಬೆರೆಸಿ, ಅವೆರಡರ ಹೊಂದಾಣಿಕೆಯಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಫಲವಾಗಿ ದೃಷ್ಟಿನರದ ಬಿಲ್ಲೆಯೂ ಅಕ್ಷಿಪಟಲವೂ, ಕತ್ತರಿಸಿದ ಚಿರೋಟಿಯ ಪದರಗಳಂತೆ, ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು ಸೂಕ್ಷ್ಮವಾಗಿ ಕಾಣುತ್ತವೆ. ದೊಡ್ಡವರು ಯಂತ್ರದ ಮುಂದೆ ಗಲ್ಲ ಊರಿ ಕುಳಿತುಕೊಳ್ಳಬೇಕು, ಕೂಸು ಕುಳಿತೀತೆ? ಅದಕ್ಕಾಗಿ ಕೈಯಲ್ಲಿ ಹಿಡಿಯುವ ಓಸಿಟಿ ಬಂದಿದೆ. ಮಲಗಿದ ಶಿಶುವಿನ ಮೇಲೆ, ಕಣ್ಣನ್ನು ಮುಟ್ಟದೆಯೇ ಅದನ್ನು ಹಿಡಿದು ಚಿತ್ರ ತೆಗೆಯುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಸಿಂಥಿಯಾ ಟಾತ್ ಅವರ ತಂಡವು ಈ ಮಾರ್ಗದಲ್ಲಿ ಬಹಳ ಕೆಲಸ ಮಾಡಿದೆ. ಅಲ್ಲಿಯ ಅಧ್ಯಯನಗಳು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ದೃಷ್ಟಿನರದ ತಗ್ಗಿನ ಅಳತೆಗೂ ಮಿದುಳಿನ ತೊಂದರೆಗಳಿಗೂ ನಂಟಿರುವುದನ್ನು ತೋರಿಸಿವೆ. ಆದರೆ ಈ ಉಪಕರಣ ದುಬಾರಿ. ಸದ್ಯಕ್ಕೆ ದೊಡ್ಡ ಆಸ್ಪತ್ರೆಗಳಲ್ಲೂ ಸಂಶೋಧನಾ ಕೇಂದ್ರಗಳಲ್ಲೂ ಮಾತ್ರ ಕಾಣಬರುತ್ತದೆ.

ಕಣ್ಣಿನಿಂದ ಹಿಂದಕ್ಕೆ ನರ ಸಾಗುವ ದಾರಿಯನ್ನು ನೋಡಬೇಕಾದರೆ ಎಂಆರ್‌ಐ ಬೇಕು. ಇದರಲ್ಲಿಯೂ ಕ್ಷಕಿರಣವಿಲ್ಲ. ಕೂಸಿಗೆ ಹೊಟ್ಟೆ ತುಂಬ ಹಾಲೂಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ಕಿವಿಗೆ ಸದ್ದು ತಾಕದಂತೆ ಮುಚ್ಚಿ ಮಲಗಿಸಿದರೆ, ಮತ್ತು ಬರಿಸುವ ಔಷಧವಿಲ್ಲದೆಯೇ ಚಿತ್ರ ತೆಗೆಯಲು ಹಲವು ಬಾರಿ ಸಾಧ್ಯವಾಗುತ್ತದೆ. ಇದು ಎಲ್ಲ ಶಿಶುಗಳಿಗೂ ಬೇಕಾದುದಲ್ಲ. ವೈದ್ಯರಿಗೆ ಸಂಶಯ ಬಂದಾಗ ಮಾತ್ರ.

ಚಿತ್ರದಿಂದ ತಿಳಿಯುವುದೇನು?

ಎಲ್ಲಕ್ಕಿಂತ ಮುಖ್ಯವಾದುದು, ಚೀಟಿಯಲ್ಲಿದ್ದ ಆ ಮೂರು ಅಕ್ಷರಗಳ ರೋಗ: ಅವಧಿಪೂರ್ವ ಶಿಶುಗಳ ಅಕ್ಷಿಪಟಲದ ತೊಂದರೆ. ಅರ್ಧದಲ್ಲಿ ನಿಂತ ರಕ್ತನಾಳಗಳು ಹುಟ್ಟಿದ ಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದು, ಗಾಯದ ಕಲೆಯಂತೆ ಗಂಟುಕಟ್ಟಿ, ಅಕ್ಷಿಪಟಲವನ್ನೇ ಎಳೆದು ಕಿತ್ತುಹಾಕಬಲ್ಲವು. ಅಳತೆ ಮೀರಿದ ಆಮ್ಲಜನಕವು ಇದಕ್ಕೆ ಒಂದು ಕಾರಣ. ವೈದ್ಯರು ರೋಗದ ನಕ್ಷೆ ಬರೆಯುವಾಗ ದೃಷ್ಟಿನರದ ಬಿಲ್ಲೆಯನ್ನೇ ಕೇಂದ್ರವಾಗಿಟ್ಟುಕೊಂಡು ವೃತ್ತಗಳನ್ನು ಎಳೆಯುತ್ತಾರೆ. ರೋಗವು ಕೇಂದ್ರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಬಿಲ್ಲೆಯ ಸುತ್ತಲಿನ ನಾಳಗಳು ಉಬ್ಬಿ, ಹಾವಿನಂತೆ ಸುರುಳಿ ಸುತ್ತಿಕೊಂಡಿದ್ದರೆ ಚಿಕಿತ್ಸೆಗೆ ತಡಮಾಡುವಂತಿಲ್ಲ. ಸಾಮಾನ್ಯವಾಗಿ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಕಣ್ಣಿನೊಳಗಿನ ಚುಚ್ಚುಮದ್ದು ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಬಹುತೇಕ ಮಕ್ಕಳ ದೃಷ್ಟಿ ಉಳಿಯುತ್ತದೆ.

ಎರಡನೆಯದು, ದೃಷ್ಟಿನರವೇ ಪೂರ್ಣವಾಗಿ ಬೆಳೆಯದಿರುವುದು. ಬಿಲ್ಲೆ ಇರಬೇಕಾದುದಕ್ಕಿಂತ ಚಿಕ್ಕದಾಗಿ, ಸುತ್ತಲೂ ಇನ್ನೊಂದು ಉಂಗುರವಿದ್ದಂತೆ ಕಾಣುತ್ತದೆ. ಇದನ್ನು ಸರಿಪಡಿಸುವ ಔಷಧವಿಲ್ಲ. ಆದರೆ ಇಂತಹ ಕೆಲವು ಮಕ್ಕಳಲ್ಲಿ ಮಿದುಳಿನ ಪಿಟ್ಯುಟರಿ ಗ್ರಂಥಿಯೂ ಸರಿಯಾಗಿ ಕೆಲಸ ಮಾಡದೆ, ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುವುದುಂಟು. ಕಣ್ಣಿನ ಚಿತ್ರವು ಆಗ ಪ್ರಾಣ ಉಳಿಸುವ ಸುಳಿವಾಗುತ್ತದೆ.

ಮೂರನೆಯದು ಜನ್ಮಜಾತ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ, ಬಿಲ್ಲೆಯ ನಡುವಿನ ತಗ್ಗು ಅಗಲವಾಗುತ್ತ, ನರದ ತಂತುಗಳು ಸಾಯುತ್ತವೆ. ಎಳೆಯ ಕಣ್ಣು ಒತ್ತಡಕ್ಕೆ ಹಿಗ್ಗುವುದರಿಂದ ಕರಿಗುಡ್ಡೆ ದೊಡ್ಡದಾಗಿ ಕಾಣುತ್ತದೆ. ‘ಎಷ್ಟು ದೊಡ್ಡ ಕಣ್ಣು, ದೃಷ್ಟಿಯಾದೀತು’ ಎಂದು ನಾವು ಕಾಡಿಗೆ ಬೊಟ್ಟಿಟ್ಟು ಸಂತೋಷಪಡುತ್ತಿರುವಾಗ ಒಳಗೆ ನರ ಸೊರಗುತ್ತಿರಬಹುದು. ಸದಾ ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು, ಕರಿಗುಡ್ಡೆ ಮಸುಕಾಗುವುದು ಇದರ ಇತರ ಗುರುತುಗಳು. ಅವಿಭಜಿತ ಆಂಧ್ರಪ್ರದೇಶದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವು ಸುಮಾರು 3,300 ಶಿಶುಗಳಿಗೆ ಒಂದರಲ್ಲಿ ಈ ರೋಗವಿದೆಯೆಂದು ಅಂದಾಜಿಸಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಇದು 10,000ಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರಕ್ತಸಂಬಂಧದ ವಿವಾಹಗಳು ಈ ಅಂತರಕ್ಕೆ ಒಂದು ಮುಖ್ಯ ಕಾರಣ. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಕುಟುಂಬಗಳು ಇದನ್ನು ನಿಂದೆಯೆಂದು ತಿಳಿಯದೆ ಎಚ್ಚರಿಕೆಯೆಂದು ತೆಗೆದುಕೊಳ್ಳಬೇಕೆಂಬುದು ನಮ್ಮ ವಿನಂತಿ. ಸಮಾಧಾನದ ಸಂಗತಿಯೂ ಉಂಟು: ಶೀಘ್ರವಾಗಿ ಶಸ್ತ್ರಚಿಕಿತ್ಸೆ ಮಾಡಿ ಒತ್ತಡ ಇಳಿಸಿದರೆ, ಹಿಗ್ಗಿದ ತಗ್ಗು ಶಿಶುಗಳಲ್ಲಿ ಮತ್ತೆ ಕಿರಿದಾಗುವುದುಂಟು. ದೊಡ್ಡವರಲ್ಲಿ ಹೀಗಾಗುವುದು ವಿರಳ.

ಚಿತ್ರಕ್ಕೂ ಮಿತಿಯುಂಟು. ಅದು ನರದ ರೂಪವನ್ನು ತೋರಿಸುತ್ತದೆ, ನೋಟವನ್ನಲ್ಲ. ಚಿತ್ರ ಸರಿಯಾಗಿದ್ದೂ ಮಿದುಳಿನ ತೊಂದರೆಯಿಂದ ಮಗುವಿಗೆ ಕಾಣದಿರಬಹುದು. ಮೂರು ತಿಂಗಳಾದರೂ ಕೂಸು ತಾಯಿಯ ಮುಖವನ್ನು ನೋಡದಿದ್ದರೆ, ಕಣ್ಣುಗಳು ನಿಲ್ಲದೆ ಅಲೆದಾಡುತ್ತಿದ್ದರೆ, ಪಾಪೆ ಬೆಳ್ಳಗೆ ಹೊಳೆದರೆ, ಹಿಂದಿನ ವರದಿ ಏನೇ ಇರಲಿ, ಮತ್ತೆ ವೈದ್ಯರಲ್ಲಿಗೆ ಒಯ್ಯಬೇಕು.

ಮೂವತ್ತು ದಿನಗಳೂ ಬಾಣಂತನವೂ

ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ, 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ 2,000 ಗ್ರಾಂಗಿಂತ ಕಡಿಮೆ ತೂಗಿದ ಪ್ರತಿಯೊಂದು ಮಗುವಿಗೂ ಹುಟ್ಟಿದ 30 ದಿನಗಳೊಳಗೆ ಮೊದಲ ಕಣ್ಣಿನ ಪರೀಕ್ಷೆ ಆಗಬೇಕು. 28 ವಾರಕ್ಕೆ ಮೊದಲು ಹುಟ್ಟಿದವಕ್ಕೂ 1,200 ಗ್ರಾಂಗಿಂತ ಕಡಿಮೆ ತೂಕದವಕ್ಕೂ ಎರಡು ಮೂರು ವಾರಗಳಲ್ಲೇ ಆಗಬೇಕು. 34ರಿಂದ 36 ವಾರಗಳ ನಡುವೆ ಹುಟ್ಟಿ ಆಮ್ಲಜನಕ, ಸೋಂಕು ಮುಂತಾದ ಕಷ್ಟ ಕಂಡ ಮಕ್ಕಳಿಗೂ ವೈದ್ಯರು ಇದನ್ನು ಹೇಳುತ್ತಾರೆ. ಒಮ್ಮೆ ನೋಡಿದರೆ ಮುಗಿಯಲಿಲ್ಲ. ನಾಳಗಳು ಅಂಚು ಮುಟ್ಟುವವರೆಗೆ ಮತ್ತೆ ಮತ್ತೆ ಹೋಗಬೇಕು.

ಈ ಗಡುವು ನಮ್ಮ ಮನೆಗಳಲ್ಲಿ ಎರಡು ಕಡೆ ಮುಗ್ಗರಿಸುತ್ತದೆ. ಒಂದು, ಬಾಣಂತನ. ನಲವತ್ತು ದಿನ ತುಂಬುವ ತನಕ ಬಾಣಂತಿಯೂ ಕೂಸೂ ಹೊಸಿಲು ದಾಟಬಾರದೆಂಬ ಕಟ್ಟಳೆ ಇನ್ನೂ ಇದೆ. ಎಳೆಯ ಜೀವವನ್ನು ಗಾಳಿ, ಸೋಂಕುಗಳಿಂದ ಕಾಯುವ ಕಾಳಜಿ ಅದರ ಹಿಂದಿದೆ, ನಾವದನ್ನು ಹಳಿಯುವುದಿಲ್ಲ. ಆದರೆ ನಲವತ್ತನೆಯ ದಿನಕ್ಕಾಗಿ ಕಾಯುತ್ತಿರುವಾಗ ಮೂವತ್ತನೆಯ ದಿನ ಕಳೆದುಹೋಗಿರುತ್ತದೆ. ಅಜ್ಜಿಯಂದಿರು ಮನಸ್ಸು ಮಾಡಿದರೆ, ಕಿವಿಗೆ ಬಟ್ಟೆ ಕಟ್ಟಿ ಬೆಚ್ಚಗೆ ಹೊದಿಸಿ ಒಂದು ದಿನ ಆಸ್ಪತ್ರೆಗೆ ಕರೆದೊಯ್ಯುವುದರಿಂದ ಬಾಣಂತನ ಕೆಡುವುದಿಲ್ಲ.

ಎರಡು, ಗಡಿ. ಜತ್ತದ ಸೊಸೆಯ ತವರು ವಿಜಯಪುರದಲ್ಲಿ; ಕಾಸರಗೋಡಿನವಳದು ಪುತ್ತೂರಿನಲ್ಲಿ; ತಾಳವಾಡಿಯವಳದು ಚಾಮರಾಜನಗರದಲ್ಲಿ. ಹೆರಿಗೆ ಒಂದು ರಾಜ್ಯದಲ್ಲಿ, ಹೆಸರಿಡುವುದು ಇನ್ನೊಂದು ರಾಜ್ಯದಲ್ಲಿ. ಒಂದು ಕಡೆಯ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಕೂಸು ಹೊರಬಿದ್ದಿರುತ್ತದೆ, ಇನ್ನೊಂದು ಕಡೆಯ ಪಟ್ಟಿಗೆ ಸೇರಿರುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಆ ರಾಜ್ಯದ ಭಾಷೆಯಲ್ಲಿ. ಕೇಳಿಸಿಕೊಂಡ ತಾಯಿಗೆ ಕನ್ನಡ ಮಾತ್ರ ಗೊತ್ತು.

ಇಲ್ಲಿಯೇ ಚಿತ್ರದ ಪ್ರಯೋಜನ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಕಾರ್ಯಕ್ರಮದಲ್ಲಿ, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಡನೆ ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅಂತರ್ಜಾಲದ ಮೂಲಕ ಅದನ್ನು ಓದುತ್ತಾರೆ. ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆಯು ಇಂತಹ ಶಿಶು ಕ್ಯಾಮೆರಾವನ್ನು ನಮ್ಮಲ್ಲೇ ತಯಾರಿಸಿದೆ. ಮಗುವನ್ನು ಊರಿಂದೂರಿಗೆ ಹೊತ್ತು ತಿರುಗುವ ಬದಲು ಚಿತ್ರವೇ ಪಯಣಿಸಬಹುದೆಂದ ಮೇಲೆ, ಅದು ರಾಜ್ಯದ ಗಡಿಯನ್ನೂ ದಾಟಬಹುದು. ಪುತ್ತೂರಿನಲ್ಲಿ ತೆಗೆದ ಚಿತ್ರವನ್ನು ಕಾಸರಗೋಡಿನ ವೈದ್ಯರು ನೋಡಿದರೆ, ಎರಡು ವಾರಗಳಲ್ಲಿ ನಾಳ ಎಷ್ಟು ಬೆಳೆಯಿತೆಂದು ಹೋಲಿಸಲು ಬರುತ್ತದೆ.

ಪೋಷಕರು ಮಾಡಬೇಕಾದುದು

ಕೂಸನ್ನು ಮನೆಗೆ ಕಳುಹಿಸುವಾಗ ಮೂರು ಪ್ರಶ್ನೆ ಕೇಳಿರಿ: ಎಷ್ಟನೆಯ ವಾರದಲ್ಲಿ ಹುಟ್ಟಿತು? ಹುಟ್ಟುವಾಗ ತೂಕವೆಷ್ಟು? ಕಣ್ಣಿನ ಪರೀಕ್ಷೆ ಯಾವ ದಿನ, ಎಲ್ಲಿ? ಉತ್ತರಗಳನ್ನು ಕನ್ನಡದಲ್ಲಿ ಬರೆದು ತೊಟ್ಟಿಲ ಬಳಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಡಿರಿ. ಕಣ್ಣಿನ ಚಿತ್ರ ತೆಗೆದಿದ್ದರೆ ಅದರ ಪ್ರತಿಯನ್ನು ಕೇಳಿ ಪಡೆಯಿರಿ; ಮೊಬೈಲಿನಲ್ಲಿ ಇಟ್ಟುಕೊಂಡು ಮುಂದಿನ ವೈದ್ಯರಿಗೆ ತೋರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ರೋಗವೂ ಸೇರಿದೆ. ನೀವಿರುವ ರಾಜ್ಯ ಯಾವುದಾದರೂ, ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿರಿ. ಚೀಟಿ ಅರ್ಥವಾಗದಿದ್ದರೆ ನಿಮ್ಮ ಮಕ್ಕಳ ಶಾಲೆಗೆ ತನ್ನಿರಿ. ಓದಿ ಹೇಳುವ ಒಬ್ಬ ಅಧ್ಯಾಪಕರಾದರೂ ಅಲ್ಲಿ ಇದ್ದೇ ಇರುತ್ತಾರೆ.

ನಮ್ಮ ಸಂಘಟನೆಗಳಿಗೂ ಕೆಲಸವಿದೆ. ಸಂವಿಧಾನದ 350ನೆಯ ವಿಧಿಯು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಫಲಕಗಳಲ್ಲಿ ಕನ್ನಡವಿರಲೆಂದು ಮನವಿ ಸಲ್ಲಿಸುವ ನಾವು, ಶಿಶು ಘಟಕದ ಬಿಡುಗಡೆ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕವಾದರೂ ಕನ್ನಡದಲ್ಲಿರಲೆಂದು ಕೇಳಬಾರದೇಕೆ?

ಆ ತಾಯಿಯ ಮಗು ಈಗ ದೊಡ್ಡಕ್ಷರದ ಪುಸ್ತಕದಲ್ಲಿ ಓದುತ್ತದೆ, ಮುಂದಿನ ಬೆಂಚಿನಲ್ಲಿ ಕೂರುತ್ತದೆ, ಮಗ್ಗಿಯನ್ನು ಎಲ್ಲರಿಗಿಂತ ಮೊದಲು ಒಪ್ಪಿಸುತ್ತದೆ. ಹರಿದ ಆ ಚೀಟಿಯನ್ನು ತಾಯಿ ಈಗಲೂ ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದಾರೆ. ತಮ್ಮ ನೆರೆಮನೆಯ ಸೊಸೆ ಹೋದ ವರ್ಷ ಎಂಟು ತಿಂಗಳಿಗೇ ಹೆತ್ತಾಗ, ಇಪ್ಪತ್ತೈದನೆಯ ದಿನ ಕೂಸನ್ನು ಎತ್ತಿಕೊಂಡು ಕಣ್ಣಿನ ಆಸ್ಪತ್ರೆಗೆ ಜೊತೆ ಹೋದವರು ಅವರೇ.